ನೆಲದಡಿಯ ಬಾಗಿಲು, ಗೋಕಾಕದ ಬ್ರಾಕೆಟ್

ಎರಡನೆಯ ಲಾಟ್ ವಾಪಸ್ ಬರುತ್ತಿದೆ ಎಂಬ ಫೋನು ಬಂದಾಗ ನಾನು ಮಾಡಿದ ಮೊದಲ ಕೆಲಸ ಸ್ಟೋರ್ ರೂಮಿನ ಬೀಗ ಬದಲಿಸಿದ್ದು. ಎರಡನೆಯ ಕೆಲಸ, ಹೊಸ ಬೀಗದ ಕೀಲಿಯನ್ನು ಮಾಲೀಕರಿಗೂ ಕೊಡದೆ ನನ್ನ ಜೇಬಿಗೆ ಹಾಕಿಕೊಂಡದ್ದು. ನಾನು ಹುಟ್ಟಾ ಸಂಶಯದ ಮನುಷ್ಯ. "ನಮ್ಮ ಲಗ್ನದಾಗ ತಲಿ ಮ್ಯಾಲೆ ಅಕ್ಕಿಕಾಳು ಬೀಳಾಕತ್ತಾಗೂ ಇವರು ಅದರಾಗ ಕಲ್ಲು ಅದಾವೇನು ಅಂತ ನೋಡಾಕತ್ತಿದ್ರು" ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ಅದು ಪೂರ್ತಿ ಸುಳ್ಳೂ ಅಲ್ಲ.

ಗೋಕಾಕದಿಂದ ಘಟಪ್ರಭಾ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ವರ್ಕ್‌ಶಾಪ್ ಇದೆ. ಮೊದಲು ಸಕ್ಕರೆ ಕಾರ್ಖಾನೆಗಳ ಸಣ್ಣಪುಟ್ಟ ಬಿಡಿಭಾಗಗಳನ್ನು ಮಾಡಿಕೊಂಡಿತ್ತು. ಆಮೇಲೆ ಒಬ್ಬ ದೊಡ್ಡ ಗುತ್ತಿಗೆದಾರರ ಮೂಲಕ ಮೆಟ್ರೊ ಕೆಲಸ ಸಿಕ್ಕಿತು. ದೂರದ ಒಂದು ದೊಡ್ಡ ಊರಿನಲ್ಲಿ, ನೆಲದಡಿಯ ನಿಲ್ದಾಣಗಳಲ್ಲಿ, ಪ್ಲಾಟ್‌ಫಾರ್ಮಿನ ಅಂಚಿಗೆ ಗಾಜಿನ ಬಾಗಿಲುಗಳ ಸಾಲು ನಿಲ್ಲಿಸುತ್ತಿದ್ದರು. ಆ ಬಾಗಿಲಿನ ಚೌಕಟ್ಟು ನಿಲ್ಲುವ ಉಕ್ಕಿನ ಬ್ರಾಕೆಟ್‌ಗಳು ನಮ್ಮಲ್ಲಿ ತಯಾರಾಗುತ್ತಿದ್ದವು. ತಪಾಸಣೆ ನನ್ನ ಪಾಲಿನ ಕೆಲಸ. ಮೂಡಲಗಿಯಿಂದ ದಿನಾ ಬೈಕಿನಲ್ಲಿ ಬಂದು, ಕೈಯಿಂದ ತಿರುಗಿಸುವ ಹಳೆಯ ಮೆಗ್ಗರ್ ಹಿಡಿದು, ಒಂದೊಂದು ಬ್ರಾಕೆಟ್ಟನ್ನೂ ಪರೀಕ್ಷಿಸಿ ಸಹಿ ಹಾಕುತ್ತಿದ್ದೆ. ಮೆಗ್ಗರ್ ಎಂದರೆ ಕರೆಂಟು ಎಲ್ಲಿ ಹರಿಯಬಾರದೋ ಅಲ್ಲಿ ಹರಿಯುತ್ತಿದೆಯೇ ಎಂದು ತೋರಿಸುವ ಯಂತ್ರ.

ಬ್ರಾಕೆಟ್ ಸರಳವಾದದ್ದು. ಕೆಳಗೊಂದು ಉಕ್ಕಿನ ಹಲಗೆ, ಮೇಲೊಂದು ಉಕ್ಕಿನ ಹಲಗೆ, ನಡುವೆ ಇಟ್ಟಿಗೆ ದಪ್ಪದ ಬಿಳಿಯ ಬಿಲ್ಲೆ. ಗಾಜಿನ ನಾರನ್ನು ರಾಳದಲ್ಲಿ ಒತ್ತಿ ಮಾಡಿದ ಈ ಬಿಲ್ಲೆ ಕರೆಂಟನ್ನು ದಾಟಗೊಡುವುದಿಲ್ಲ. ಕೆಳಗಿನ ಹಲಗೆ ಪ್ಲಾಟ್‌ಫಾರ್ಮಿಗೆ ಸೇರಿದ್ದು, ಮೇಲಿನದು ಬಾಗಿಲಿಗೆ ಸೇರಿದ್ದು. ಎರಡೂ ಒಂದನ್ನೊಂದು ಮುಟ್ಟಬಾರದು. ಯಾಕೆಂದರೆ ರೈಲಿಗೆ ಬಂದ ಕರೆಂಟು ಹಳಿಗಳ ಮೂಲಕವೇ ವಾಪಸ್ ಹೋಗುತ್ತದೆ. ಹಾಗಾಗಿ ರೈಲಿನ ಮೈಗೂ ನಿಲ್ದಾಣದ ನೆಲಕ್ಕೂ ವೋಲ್ಟೇಜಿನಲ್ಲಿ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಕಾಲು ರೈಲಿನಲ್ಲಿಟ್ಟು ಒಂದು ಕೈಯಲ್ಲಿ ಬಾಗಿಲಿನ ಚೌಕಟ್ಟು ಹಿಡಿದವನಿಗೆ ಝಟಕಾ ಹೊಡೆಯಬಾರದೆಂದು ಚೌಕಟ್ಟನ್ನು ಹಳಿಗೆ ಜೋಡಿಸಿ, ನೆಲದಿಂದ ಬೇರೆ ಮಾಡಿರುತ್ತಾರೆ. ಅದನ್ನು ಬೇರೆ ಮಾಡಿ ಹಿಡಿದಿರುವುದು ನಮ್ಮ ಬಿಳಿ ಬಿಲ್ಲೆ.

ಕೆಲಸ ಹಿಡಿದಾಗ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಯಾತಕ್ಕೆ ಬೇಕೆಂದು ಗೊತ್ತಿಲ್ಲದ ವಸ್ತುವಿಗೆ ಸಹಿ ಹಾಕುವುದು ನನ್ನಿಂದಾಗದು. ಓದುತ್ತ ಹೋದಂತೆ ನೆಲದಡಿಯ ರೈಲಿನ ಸುರಕ್ಷತೆಯ ಚರಿತ್ರೆಯನ್ನು ನನ್ನಂಥ ಸಂಶಯದವರೇ ಕಟ್ಟಿದ್ದಾರೆ ಅನ್ನಿಸಿತು. ಆರಂಭದಲ್ಲಿ ಜನರ ಮೇಲೆ ನಂಬಿಕೆಯಿತ್ತು. ಅಂಚಿನಿಂದ ದೂರ ನಿಲ್ಲುತ್ತಾರೆ ಎಂದುಕೊಂಡರು. ನಿಲ್ಲಲಿಲ್ಲ, ಅದಕ್ಕೆ ಗೆರೆ ಎಳೆದರು. ಗೆರೆಯನ್ನು ಯಾರೂ ಲೆಕ್ಕಕ್ಕಿಡಲಿಲ್ಲ, ಸೀಟಿ ಊದುವ ಕಾವಲುಗಾರನನ್ನು ನಿಲ್ಲಿಸಿದರು. ಕಾವಲುಗಾರನ ಕಣ್ಣು ತಪ್ಪಿ ಬಿದ್ದವರಿಗಾಗಿ ಪರದೇಶದ ಕೆಲವು ಹಳೆಯ ನಿಲ್ದಾಣಗಳಲ್ಲಿ ಹಳಿಗಳ ನಡುವೆ ಉದ್ದನೆಯ ಗುಂಡಿ ತೋಡಿದರು, ಬಿದ್ದವನು ಅದರಲ್ಲಿ ಮಲಗಿದರೆ ರೈಲು ಮೇಲಿಂದ ಹೋಗಲಿ ಎಂದು. ಕಣ್ಣು ಕಾಣದವರ ಪಾದಕ್ಕೆ ತಿಳಿಯಲೆಂದು ಉಬ್ಬು ಚುಕ್ಕೆಗಳ ಹಳದಿ ಕಲ್ಲು ಹಾಸಿದರು. ಹಳಿಯ ಕರೆಂಟು ಕಡಿಯುವ ಕೆಂಪು ಗುಂಡಿಯನ್ನು ಗೋಡೆಗೆ ಕೂರಿಸಿದರು. ಕೊನೆಗೆ ಯಾವುದರ ಮೇಲೂ ಭರವಸೆ ಉಳಿಯದೆ ಅಂಚಿಗೆ ಗಾಜಿನ ಗೋಡೆಯನ್ನೇ ಎಬ್ಬಿಸಿದರು. ರೈಲು ಬಂದು ಸರಿಯಾದ ಜಾಗದಲ್ಲಿ ನಿಂತ ಹೊರತು ಗೋಡೆಯ ಬಾಗಿಲು ತೆರೆಯುವುದಿಲ್ಲ. ಗೋಡೆ ಬಂದ ಮೇಲೆ ಆ ಗೋಡೆಯ ಮೇಲೆಯೇ ಸಂಶಯ ಬಂತು: ಮುಟ್ಟಿದವನಿಗೆ ಕರೆಂಟು ಹೊಡೆದರೆ? ಆ ಸಂಶಯದಿಂದ ಹುಟ್ಟಿದ್ದು ನಮ್ಮ ಬಿಲ್ಲೆ. ಅದು ನಮ್ಮ ವರ್ಕ್‌ಶಾಪಿಗೆ ಬಂದಿದ್ದು ನನಗೆ ಹೆಮ್ಮೆಯಾಗಿತ್ತು.

ಮೊದಲ ಲಾಟ್ ಬೇಸಿಗೆಯಲ್ಲಿ ಹೋಯಿತು. ಅಲ್ಲಿಯೂ ಪಾಸಾಗಿ ನಿಲ್ದಾಣದಲ್ಲಿ ಕೂತಿತು. ಎರಡನೆಯದು ಮಳೆಗಾಲದಲ್ಲಿ ಹೋಯಿತು. ಅಲ್ಲಿಯ ಪರೀಕ್ಷೆಯಲ್ಲಿ ಅದರ ಬಹುಪಾಲು ಬ್ರಾಕೆಟ್‌ಗಳಲ್ಲಿ ಕರೆಂಟು ಸೋರಿತು.

ಲಾರಿಯ ಹಿಂದೆಯೇ ಗುತ್ತಿಗೆದಾರರ ಇನ್‌ಸ್ಪೆಕ್ಟರ್ ಬಂದರು. ಮೈಸೂರು ಕಡೆಯವರು, ಮೆಲುಮಾತಿನವರು. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಇನ್ನಷ್ಟು ಅನುಮಾನ. ಅವರು ನನ್ನ ತಪಾಸಣೆಯ ಹಾಳೆಗಳನ್ನು ತಿರುವಿ ಹಾಕಿ ಹೇಳಿದರು: "ನೋಡಿ, ನಾನು ಎರಡೇ ಮಾತು ಹೇಳ್ತೀನಿ. ಒಂದೋ ನೀವು ಒಳ್ಳೇ ಬಿಲ್ಲೆ ತೋರಿಸಿ ಅಗ್ಗದ ಬಿಲ್ಲೆ ಹಾಕಿದ್ದೀರಿ. ಇಲ್ಲಾ, ಟೆಸ್ಟ್ ಮಾಡದೇನೇ ಸಹಿ ಹಾಕಿದ್ದೀರಿ."

"ಎರಡೂ ಅಲ್ರಿ," ಎಂದೆ.

"ಹಾಗಾದ್ರೆ ಮೂರನೇದು ಏನು ಅಂತ ನೀವೇ ಹುಡುಕಿ. ಅಲ್ಲೀವರೆಗೂ ನಿಮ್ಮ ಸಹಿ ನಮಗೆ ಬೇಡ. ಮೂರನೇ ಲಾಟೂ ಫೇಲಾದ್ರೆ ನಿಮ್ಮ ಯೂನಿಟ್ಟೂ ಬೇಡ."

ಇಷ್ಟು ವರ್ಷ ನಾನು ಬೇರೆಯವರನ್ನು ಸಂಶಯಿಸಿದ್ದೆನೇ ಹೊರತು ನನ್ನ ಸಹಿಯನ್ನು ಯಾರೂ ಸಂಶಯಿಸಿರಲಿಲ್ಲ. ತಪಾಸಣೆಯವನಿಗೆ ಸಹಿ ಹೋದರೆ ಏನು ಉಳಿಯಿತು?

ಅಲ್ಲಿಂದ ವರ್ಕ್‌ಶಾಪಿನಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡದ ದಿನಗಳು ಶುರುವಾದವು. ನನ್ನ ಸಂಶಯ ಮಾಲೀಕರ ಮೇಲೆಯೇ ಹೋಯಿತು. ಬಿಲ್ಲೆ ಕತ್ತರಿಸುವ ದಪ್ಪ ಹಾಳೆ ತರಿಸುವವರು ಅವರು. ಇತ್ತೀಚೆಗೆ ಫೋನು ಬಂದರೆ ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದರು. ಎರಡನೆಯ ಲಾಟಿಗೆ ಬೇರೆ ಹಾಳೆ ಬಂದಿತ್ತೇ? ನಾನು ವಾಪಸ್ ಬಂದ ಬ್ರಾಕೆಟ್ಟೊಂದನ್ನು ಬಿಚ್ಚಿ, ಬಿಲ್ಲೆಯ ಮೂಲೆಯಿಂದ ಒಂದು ಸಿಬರು ಕೆತ್ತಿ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿದೆ. ರಾಳ ಉರಿದುಹೋಗಿ ಗಾಜಿನ ನಾರು ಹಾಗೇ ಉಳಿಯಿತು. ಅಸಲಿ ಬಿಲ್ಲೆ ಹಾಗೇ ಉಳಿಯಬೇಕು. ಆದರೂ ಮನಸ್ಸು ಒಪ್ಪಲಿಲ್ಲ. ಅಗ್ಗದ್ದರಲ್ಲೂ ನಾರು ಇರಬಹುದಲ್ಲ?

ಮಾಲೀಕರಿಗೆ ನನ್ನ ಮೇಲೆ ಸಂಶಯ. ಬೆಳಗಾವಿಯ ಇನ್ನೊಂದು ವರ್ಕ್‌ಶಾಪಿನವರು ನನ್ನನ್ನು ಕೆಲಸಕ್ಕೆ ಕರೆದಿದ್ದು ಅವರ ಕಿವಿಗೆ ಬಿದ್ದಿತ್ತು. ಒಂದು ದಿನ ಚಹಾ ಕುಡಿಯುವಾಗ ಕಪ್ಪಿನೊಳಗೆ ನೋಡುತ್ತ ಕೇಳಿದರು: "ಏನಪಾ, ಬೆಳಗಾವಿ ಮಂದಿ ಜೋಡಿ ಮಾತುಕತಿ ನಡದೈತಂತ?"

"ಅವರು ಕರದ್ರು, ನಾ ಒಲ್ಲೆ ಅಂದೆ. ನಿಮಗ ಯಾರು ಹೇಳಿದ್ರು?"

"ಹೇಳವರು ಹೇಳತಾರ. ನಮ್ಮ ಮಾಲು ಬಿದ್ರ ಅವರ ಮಾಲು ಏಳತೈತಿ ನೋಡು, ಅದಕ್ಕ ಕೇಳಿದೆ."

ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಮರುದಿನ ಬಿಲ್ಲೆಯ ಒಂದು ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಮೈ ಸರಿಯಿಲ್ಲವೆಂದು ರಜೆ ಹೇಳಿ, ಅಂಕಲಗಿ ದಾರಿಯಲ್ಲಿ ಬೆಳಗಾವಿಗೆ ಹೋದೆ. ಅಲ್ಲಿಯ ಒಂದು ಖಾಸಗಿ ಲ್ಯಾಬಿನಲ್ಲಿ ಇಂಥ ವಸ್ತುಗಳನ್ನು ಪರೀಕ್ಷಿಸಿ ಕೊಡುತ್ತಾರೆ. ಮೆಟ್ಟಿಲು ಹತ್ತುತ್ತಿದ್ದೇನೆ, ಮೇಲಿನಿಂದ ನಮ್ಮ ಮಾಲೀಕರು ಇಳಿದು ಬರುತ್ತಿದ್ದಾರೆ. ಇಬ್ಬರೂ ನಡುಮೆಟ್ಟಿಲಲ್ಲಿ ನಿಂತೆವು.

"ಆರಾಮ ಇಲ್ಲ ಅಂದಿದ್ಯಲ್ಲ?" ಎಂದರು.

"ಡಾಕ್ಟರ್‌ಕಡೆ ಬಂದಿದ್ದೆ. ನೀವು?"

"ಹಲ್ಲು ನೂಸಾಕತ್ತಿತ್ತು."

ಆ ಕಟ್ಟಡದಲ್ಲಿ ವೈದ್ಯರೂ ಇರಲಿಲ್ಲ, ಹಲ್ಲಿನವರೂ ಇರಲಿಲ್ಲ. ಅವರು ಕೆಳಗಿಳಿದರು, ನಾನು ಮೇಲೆ ಹತ್ತಿದೆ. ಲ್ಯಾಬಿನ ಹುಡುಗಿ ನನ್ನ ಕರವಸ್ತ್ರ ಬಿಚ್ಚಿ ನೋಡಿ, "ಅಯ್ಯ, ಇಂಥದ್ದನ್ನ ಈಗರ ಒಬ್ರು ಕೊಟ್ಟ ಹೋದ್ರಲ್ರಿ!" ಎಂದಳು. ನಾನು ಅವರ ಬಿಲ್ಲೆ ನಕಲಿಯೇ ಎಂದು ತಿಳಿಯಲು ಹೋಗಿದ್ದೆ. ನಾನು ಬಿಲ್ಲೆ ಬದಲಿಸಿದ್ದೇನೆಯೇ ಎಂದು ತಿಳಿಯಲು ಅವರು ಹೋಗಿದ್ದರು. ಎರಡಕ್ಕೂ ಒಂದೇ ಫಲಿತಾಂಶ ಬಂತು. ಬಿಲ್ಲೆ ಅಸಲಿ, ಕೇಳಿದ ದರ್ಜೆಯದೇ.

ಅದರಿಂದ ಸಮಾಧಾನವಾಗಬೇಕಿತ್ತು. ನನಗೆ ಆಗಲಿಲ್ಲ. ಬಿಲ್ಲೆ ಸರಿಯಿದ್ದರೆ ಇನ್‌ಸ್ಪೆಕ್ಟರೇ ಏನೋ ಆಟ ಹೂಡಿರಬೇಕು ಎಂದು ಲೆಕ್ಕ ಹಾಕಿದೆ. ವಾಪಸ್ ಬಂದ ಪೆಟ್ಟಿಗೆಗಳನ್ನು ಒಬ್ಬನೇ ತೆರೆದು ಮಧ್ಯಾಹ್ನ ಮೆಗ್ಗರ್ ಹಚ್ಚಿದೆ. ಎಲ್ಲವೂ ಪಾಸ್! ಮುಳ್ಳು ಅಲುಗಲಿಲ್ಲ. ಕೂಡಲೇ ಅವರಿಗೆ ಫೋನು ಮಾಡಿದೆ.

"ಇಲ್ಲೆ ಒಂದೂ ಸೋರವಲ್ದುರಿ ಸಾಹೇಬ್ರ. ನಿಮ್ಮ ಮೀಟರ್ ತಪಾಸ್ ಮಾಡಿಸ್ರಿ."

"ಎರಡು ಮೀಟರಲ್ಲಿ ನೋಡಿದೀನಿ," ಎಂದರು ಅದೇ ಮೆಲುದನಿಯಲ್ಲಿ. "ನಿಮ್ಮ ಶೆಡ್ಡಲ್ಲಿ ಪಾಸಾದ್ರೆ ನನಗೇನು ಬಂತು? ಸುರಂಗದಲ್ಲಿ ಇನ್ನೂ ಫ್ಯಾನ್ ಓಡ್ತಿಲ್ಲ. ಗೋಡೆ ಎಲ್ಲಾ ತೇವ. ಅಲ್ಲಿ ಪಾಸಾಗ್ಬೇಕು."

ತೇವ ಎಂಬ ಮಾತು ತಲೆಯಲ್ಲಿ ಕೂತಿತು. ಆದರೆ ಒಳ್ಳೆಯ ಬಿಲ್ಲೆ ತೇವಕ್ಕೆ ಹೆದರಬಾರದು, ಅದಕ್ಕಾಗಿಯೇ ಈ ದರ್ಜೆ ಕೇಳಿದ್ದು. ಪರೀಕ್ಷಿಸಿಯೇ ಬಿಡೋಣವೆಂದು ಶೆಡ್ಡಿನ ಹಿಂದಿನ ಬಚ್ಚಲಲ್ಲಿ ಒದ್ದೆ ಗೋಣಿಚೀಲ ಕಟ್ಟಿ, ನಡುವೆ ಬ್ರಾಕೆಟ್ ಇಟ್ಟು ಬಾಗಿಲು ಹಾಕಿದೆ. ಚೀಲದಿಂದ ನೀರು ತೊಟ್ಟಿಕ್ಕಿ ಹಳೆಯದೂ ಸೋರಿತು, ಈಗಷ್ಟೇ ಜೋಡಿಸಿದ ಹೊಸದೂ ಸೋರಿತು. ನೀರೇ ಸುರಿದರೆ ಯಾವುದು ತಡೆದೀತು? ನನಗೆ ಬೇಕಾದದ್ದು ಹನಿಯಲ್ಲ, ಹವೆಯಲ್ಲಿರುವ ತೇವ. ಕುಕ್ಕರಿನ ಹಬೆ ಹಿಡಿದೆ, ಅದು ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆಯಿತು. ಧುಪದಾಳದಲ್ಲಿ ಹೊಳೆಯ ಒಡ್ಡಿನ ಬಳಿ ಹೋಗಿ ನೋಡಿದೆ, ಗಾಳಿ ಬೀಸಿ ಎಲ್ಲ ಒಣಗಿಸಿತು. ವರ್ಕ್‌ಶಾಪಿನವರು ನನ್ನನ್ನು ನೋಡಿ ನಗುವುದನ್ನೂ ಬಿಟ್ಟರು.

ಆಗ ಗೋಕಾಕ ಫಾಲ್ಸ್ ನೆನಪಾಯಿತು. ಮಳೆಗಾಲದಲ್ಲಿ ಅಲ್ಲಿ ಕೆಳಗಿನಿಂದ ಎದ್ದ ತುಂತುರು ದಂಡೆಯ ಮೇಲೆಲ್ಲ ಮಂಜಿನ ಹಾಗೆ ತೇಲುತ್ತದೆ. ನೋಡಲು ಹೋದವರ ಬಟ್ಟೆ ಒದ್ದೆಯಾದದ್ದೇ ತಿಳಿಯುವುದಿಲ್ಲ. ಸುರಂಗದ ತೇವ ಇಲ್ಲಿ ಪುಕ್ಕಟೆ ಸಿಗುತ್ತದೆ! ಒಂದು ವಾಪಸ್ ಬಂದ ಬ್ರಾಕೆಟ್, ಒಂದು ಹೊಸದು, ಮೆಗ್ಗರ್, ಎಲ್ಲವನ್ನೂ ಚೀಲದಲ್ಲಿ ಹಾಕಿ ಬೈಕಿಗೆ ಕಟ್ಟಿದೆ. ಬಂಡೆಯೊಂದರ ಮೇಲೆ ಪ್ಲಾಸ್ಟಿಕ್ ಹಾಸಿ ಎರಡನ್ನೂ ಪಕ್ಕಪಕ್ಕ ಇಟ್ಟು, ತಂತಿ ಜೋಡಿಸಿ ಕೂತೆ.

ಸೆಲ್ಫಿ ತೆಗೆದುಕೊಳ್ಳುತ್ತಿದ್ದವರು ಮೆಲ್ಲಗೆ ದೂರ ಸರಿದರು. ಸ್ವಲ್ಪ ಹೊತ್ತಿಗೆ ಲಾಠಿ ಹಿಡಿದ ಕಾವಲುಗಾರ ಬಂದ.

"ಏನದು? ಏನ್ ಮಾಡಾಕತ್ತೀರಿ?"

"ತಪಾಸ್ ಮಾಡಾಕತ್ತೇನ್ರಿ. ಮೆಟ್ರೊ ಸಾಮಾನು."

"ಮೆಟ್ರೊ? ಗೋಕಾಕದಾಗ?" ಆತ ಒಂದು ಹೆಜ್ಜೆ ಹಿಂದೆ ಸರಿದ. "ಆ ವಾಯರ್ ಯಾತರದು? ಕೈ ತಗೀರಿ ಮೊದಲ. ಎದ್ದ ನಿಲ್ರಿ."

ನಾನು ಎದ್ದು ನಿಂತೆ. ಗುರುತಿನ ಚೀಟಿ ತೋರಿಸಿದೆ, ಮಾಲೀಕರಿಗೆ ಫೋನು ಹಚ್ಚಿ ಕೊಟ್ಟೆ. ಮಾಲೀಕರು ಅವನಿಗೆ ಏನು ಹೇಳಿದರೋ, ಆತ ಫೋನು ಕೊಡುತ್ತ ನನ್ನನ್ನು ಕನಿಕರದಿಂದ ನೋಡಿದ. "ನಿಮ್ಮ ಸಾಹುಕಾರ್ರು ಹೇಳಿದ್ರು, ಸ್ವಲ್ಪ ಟೆನ್ಷನ್ ಆಗೈತಂತ ನಿಮಗ. ಲಗೂನ ಮುಗಿಸಿ ಹೋಗ್ರಿ" ಎಂದು ಆಚೆ ಹೋಗಿ ನಿಂತ, ಕಣ್ಣು ಮಾತ್ರ ನನ್ನ ಮೇಲೆಯೇ ಇಟ್ಟು. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಮೆಗ್ಗರ್ ತಿರುಗಿಸಿದೆ. ಹೊಸ ಬ್ರಾಕೆಟ್, ಮುಳ್ಳು ಅಲುಗಲಿಲ್ಲ. ವಾಪಸ್ ಬಂದದ್ದು, ಮುಳ್ಳು ಸೋರಿಕೆ ತೋರಿಸುವ ಸೊನ್ನೆಯ ಕಡೆಗೆ ಜಾರಿತು. ತಂತಿ ಅದಲುಬದಲು ಮಾಡಿ ಮತ್ತೆ ತಿರುಗಿಸಿದೆ. ಮತ್ತೆ ಹಾಗೇ. ಹಾಗಾದರೆ ಇನ್‌ಸ್ಪೆಕ್ಟರ್ ಸುಳ್ಳು ಹೇಳಿರಲಿಲ್ಲ, ಲ್ಯಾಬೂ ಸುಳ್ಳು ಹೇಳಿರಲಿಲ್ಲ. ಬಿಲ್ಲೆಯ ಒಳಗಲ್ಲ, ಮೈಮೇಲೆ ಏನೋ ಇದೆ. ಕರವಸ್ತ್ರದಿಂದ ಹಗುರವಾಗಿ ಒತ್ತಿ ತೇವ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಬಾಯಿಂದ ಉಸಿರು ಬಿಟ್ಟೆ. ಬಿಳಿ ಬಿಲ್ಲೆಯ ಮೇಲೆ ಮಸುಕು ಹರಡಿತು, ಆರುತ್ತ ಬಂತು. ಬಿಲ್ಲೆಯ ಉಳಿದ ಭಾಗ ಆರಿದ ಮೇಲೂ ಮೂರು ಪಟ್ಟೆ ಆರದೆ ಉಳಿದವು. ಒಂದು ಉಕ್ಕಿನ ಹಲಗೆಯಿಂದ ಇನ್ನೊಂದು ಹಲಗೆಯವರೆಗೆ, ಸಮನಾಗಿ, ಮೂರು ಬೆರಳು ಎಳೆದ ಹಾಗೆ.

ಆ ಮೂರು ಬೆರಳು ಯಾರವೆಂದು ನನಗೆ ಗೊತ್ತಿತ್ತು.

ಪ್ರತಿ ಲಾಟ್ ಹೊರಡುವ ದಿನ ಮಾಲೀಕರ ತಾಯಿ ಹುಕ್ಕೇರಿಯ ಮನೆಯಿಂದ ಬರುತ್ತಿದ್ದರು. ಪೆಟ್ಟಿಗೆಗಳ ಮುಚ್ಚಳ ಹಾಕುವ ಮುಂಚೆ ಕಾಯಿ ಒಡೆದು, ಊದುಬತ್ತಿ ಬೆಳಗಿ, ಒಂದೊಂದು ಬ್ರಾಕೆಟ್ಟಿಗೂ ವಿಭೂತಿ ಹಚ್ಚುತ್ತಿದ್ದರು. ಸಾಲಿನಲ್ಲಿ ಒಂದನ್ನೂ ಬಿಡುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಬ್ರಾಕೆಟ್‌ಗಳು ಅಡ್ಡ ಮಲಗಿರುತ್ತವೆ, ಬಿಳಿ ಬಿಲ್ಲೆ ಮೇಲಕ್ಕೆ ಹಣೆಯ ಹಾಗೆ ಕಾಣುತ್ತದೆ. ಅಲ್ಲಿಗೇ ಮೂರು ಬೆರಳು ಎಳೆಯುತ್ತಿದ್ದರು. ಬಿಳಿಯ ಮೇಲೆ ಬಿಳಿ ಯಾರಿಗೆ ಕಾಣಬೇಕು? ನನ್ನ ತಪಾಸಣೆ ಅದಕ್ಕೂ ಮುಂಚೆಯೇ ಮುಗಿದಿರುತ್ತಿತ್ತು. ಎರಡೂ ಸಲ ನಾನು ಅಲ್ಲೇ ಕೈಕಟ್ಟಿ ನಿಂತು ಪ್ರಸಾದದ ಕೊಬ್ಬರಿ ತಿಂದಿದ್ದೆ. ಊರಿನವರನ್ನೆಲ್ಲ ಸಂಶಯಿಸಿದವನಿಗೆ ಕಣ್ಣೆದುರು ನಡೆದದ್ದರ ಮೇಲೆ ಸಂಶಯ ಬರಲಿಲ್ಲ. ವಿಭೂತಿಯ ಮೇಲೆ ಯಾರಾದರೂ ಸಂಶಯಪಡುತ್ತಾರೆಯೇ?

ಮಾಲೀಕರಿಗೆ ಹೇಳಿದಾಗ ಮೊದಲು ನಂಬಲಿಲ್ಲ. ಅವರ ಕಣ್ಣೆದುರೇ ಆ ಬಿಲ್ಲೆಯನ್ನು ಒದ್ದೆ ಬಟ್ಟೆಯಿಂದ, ಆಮೇಲೆ ಸ್ಪಿರಿಟಿನಿಂದ ಒರೆಸಿ, ಮತ್ತೆ ಫಾಲ್ಸಿಗೆ ಒಯ್ದು ಮುಳ್ಳು ತೋರಿಸಿದೆ. ಅಲುಗಲಿಲ್ಲ. ಅವರೇ ತಂತಿ ಬಿಚ್ಚಿ ಬ್ರಾಕೆಟ್ಟನ್ನು ಚೀಲಕ್ಕೆ ಹಾಕಿದರು.

"ಅವ್ವಗ ಹೇಳೂದು ಬ್ಯಾಡ," ಎಂದರು. "ಆಕಿ ಪೂಜಿ ಮಾಡಿ ಹೋಗಲಿ. ಹಿಂದಿಂದ ನಾವು ಒರಸಿ ಮುಚ್ಚಳಾ ಹಾಕೂಣು. ಇನ್‌ಸ್ಪೆಕ್ಟರಗ ಗೋದಾಮಿನ ಧೂಳು ಅಂತ ಹೇಳು. ಮುಗೀತು."

"ಮುಗಿಯೂದಿಲ್ರಿ. ಮೊದಲನೇ ಲಾಟಿಗೂ ಅವ್ವಾರು ಹಚ್ಚ್ಯಾರ. ಅವು ಆಗಲೆ ಅಲ್ಲಿ ಬಾಗಲದ ಬುಡಕ ಕುಂತಾವು."

"ಅವು ಪಾಸ್ ಆಗ್ಯಾವಲ್ಲೋ!"

"ಬ್ಯಾಸಗಿಯಾಗ ಪಾಸ್ ಆಗ್ಯಾವು."

"ಪಾಸ್ ಆದದ್ದನ್ನ ನೀ ಯಾಕ ಕೆದರತಿ? ಇದೊಂದು ಹೇಳಿದ್ರ ಅವರು ನಕ್ಕ ಹೊರಗ ಹಾಕತಾರ. ಇಪ್ಪತ್ತು ಮಂದಿ ಅನ್ನ ಐತಿ ಇದರಾಗ, ನಿಂದೂ ಐತಿ."

ಅವರು ಹೇಳಿದ್ದು ಖರೆ. ಸುಮ್ಮನಿದ್ದರೆ ನನ್ನ ಸಹಿ ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಆದರೆ ಮುಂದಿನ ಮಳೆಗಾಲದಲ್ಲಿ, ರೈಲು ಓಡಲು ಶುರುವಾದ ಮೇಲೆ, ಯಾರೋ ಒಬ್ಬರು ಮಗುವನ್ನು ಎತ್ತಿಕೊಂಡು ಒಂದು ಕಾಲು ಒಳಗಿಟ್ಟು ಚೌಕಟ್ಟು ಹಿಡಿಯುತ್ತಾರೆ. ಗೆರೆಯಿಂದ ಶುರುವಾಗಿ ಗಾಜಿನವರೆಗೆ ಇಷ್ಟೆಲ್ಲ ಕಟ್ಟಿದ್ದು ಅವರಿಗಾಗಿಯೇ. ಅದರ ಬುಡದಲ್ಲಿ ನನ್ನ ಸಹಿ ಇರುತ್ತದೆ. ಮರುದಿನ ಮಾಲೀಕರಿಗೆ ಹೇಳಿಯೇ ಇನ್‌ಸ್ಪೆಕ್ಟರಿಗೆ ಫೋನು ಮಾಡಿದೆ. ಮಾಲೀಕರು ತಡೆಯಲಿಲ್ಲ. ಎದ್ದು ಹೊರಗೆ ಹೋದರು.

ನಡೆದದ್ದನ್ನೆಲ್ಲ ಹೇಳಿದೆ. "ವಿಭೂತಿ," ಎಂದರು ಇನ್‌ಸ್ಪೆಕ್ಟರ್. "ಚೆನ್ನಾಗಿದೆ. ಅಗ್ಗದ ಬಿಲ್ಲೆ ಹಾಕಿ ದೇವರ ಮೇಲೆ ಹಾಕ್ತಿದ್ದೀರಾ?"

"ನನ್ನ ಮಾತು ನಂಬಬ್ಯಾಡ್ರಿ. ಅಲ್ಲೆ ಕುಂತ ಬ್ರಾಕೆಟ್ಟಿಗೆ ಉಸಿರು ಬಿಟ್ಟ ನೋಡ್ರಿ. ಮೂರು ಪಟ್ಟಿ ಕಂಡ್ರ ಒರಸಿ ಮತ್ತ ಮೆಗ್ಗರ್ ಹಚ್ರಿ. ಕಾಣಲಿಲ್ಲಂದ್ರ ನನ್ನ ತಗದ ಹಾಕ್ರಿ."

ಸಂಜೆ ಅವರೇ ಫೋನು ಮಾಡಿದರು. ಪಟ್ಟೆ ಕಂಡಿದ್ದವು. ಪಾಸಾದ ಲಾಟಿನಲ್ಲೂ ಹಲವು ಸೋರುತ್ತಿದ್ದವು. ಒರೆಸಿದ ಮೇಲೆ ಸೋರುವುದು ನಿಂತಿತು. ಎಲ್ಲವನ್ನೂ ತೊಳೆದು ವಾರ್ನಿಷ್ ಹಚ್ಚಲು ನಮ್ಮ ಖರ್ಚಿನಲ್ಲಿ ಜನ ಕಳಿಸಬೇಕು ಎಂದರು. ಮೂರನೆಯ ಲಾಟ್ ಹೊರಡುವಾಗ ತಾವೇ ಬಂದು ಎದುರಿಗೆ ನಿಲ್ಲುವುದಾಗಿ ಹೇಳಿದರು. ಶಹಬ್ಬಾಸ್ ಎನ್ನಲಿಲ್ಲ. ಅನ್ನುತ್ತಾರೆಂದು ನಾನೂ ಕಾದಿರಲಿಲ್ಲ.

ಇನ್ನು ಅವ್ವಾರಿಗೆ ಹೇಳುವ ಕೆಲಸ. ಕದ್ದು ಒರೆಸುವುದಕ್ಕೆ ನಾನು ಒಪ್ಪಲಿಲ್ಲ. ಒಂದು ದಿನ ಒರೆಸುವವನು ಮರೆತರೆ ಮುಗಿಯಿತು. ಮಾಲೀಕರ ಜೊತೆ ಹುಕ್ಕೇರಿಗೆ ಹೋದೆ. ಚೀಲದಲ್ಲಿ ಬ್ರಾಕೆಟ್ಟೂ ಮೆಗ್ಗರೂ ಇದ್ದವು. ಹಣೆ ತುಂಬ ವಿಭೂತಿ ಧರಿಸಿ ಪಡಸಾಲೆಯಲ್ಲಿ ಕೂತಿದ್ದ ಅವ್ವಾರು ನನ್ನ ಮಾತನ್ನು ಕೊನೆಯವರೆಗೆ ಕೇಳಿದರು.

"ಇಂವಗ ಆ ಇನ್‌ಸ್ಪೆಕ್ಟರ ಏನ್ ಕೊಟ್ಟಾನ ಕೇಳು," ಎಂದರು ಮಗನಿಗೆ. ನನಗೆ ಸಿಟ್ಟು ಬರಲಿಲ್ಲ. ಈ ಮನೆಯಲ್ಲಿ ನನ್ನಂಥ ಸಂಶಯದ ಜಾತಿಯವರು ಒಬ್ಬರಾದರೂ ಇದ್ದಾರಲ್ಲ ಅನ್ನಿಸಿತು.

ಶುದ್ಧ ಬ್ರಾಕೆಟ್ಟಿಗೆ ಮೆಗ್ಗರ್ ತಿರುಗಿಸಿ ತೋರಿಸಿದೆ. ಅವರು ತಮ್ಮ ಕೈಯಿಂದಲೇ ವಿಭೂತಿ ಹಚ್ಚಿದರು. ತೆಂಗಿನಕಾಯಿಯ ನೀರಲ್ಲಿ ವಿಭೂತಿಗಟ್ಟಿಯನ್ನು ತೇಯ್ದು ಮೂರು ಬೆರಳಲ್ಲಿ ಎಳೆದರು. "ಬರೇ ನೀರಾಗ ಹಚ್ಚಿದ್ರ ದಾರ್‍ಯಾಗ ಉದರತೈತಿ. ಕಾಯಿನೀರಾಗ ತೇದ್ರ ಊರು ಮುಟ್ಟೂತನಕ ಇರತೈತಿ," ಎಂದರು. ಸಮಸ್ಯೆಯ ಅರ್ಧ ಅದರಲ್ಲೇ ಇತ್ತು. ಕಾಯಿನೀರಿನ ಉಪ್ಪು ಮತ್ತು ಸಿಹಿ ತೇವವನ್ನು ಎಳೆದು ಹಿಡಿಯುತ್ತವೆ. ಹಸಿ ಆರಿದ ಮೇಲೆ ಉಸಿರು ಬಿಟ್ಟು ಮತ್ತೆ ತಿರುಗಿಸಿದೆ. ಮುಳ್ಳು ಜಾರಿತು.

"ನೀ ಈಗ ಬ್ಯಾರೆ ನಮೂನಿ ತಿರುವಿದಿ," ಎಂದರು. "ಕೊಡ ಇಲ್ಲೆ."

"ತಂತಿ ಮುಟ್ಟಬ್ಯಾಡ್ರಿ ಅವ್ವಾರ, ಹೊಡಿತೈತಿ."

ಮೆಗ್ಗರನ್ನು ತೊಡೆಯ ಹತ್ತಿರ ಎಳೆದುಕೊಂಡು ತಾವೇ ತಿರುಗಿಸಿದರು. ಬೀಸುಕಲ್ಲು ತಿರುವಿದ ಕೈ, ನನಗಿಂತ ಸಮನಾಗಿ ತಿರುಗಿಸಿತು. ಮುಳ್ಳು ಜಾರಿತು. ಬಟ್ಟೆಯಿಂದ ಒರೆಸಲು ಹೇಳಿ ಮತ್ತೆ ತಿರುಗಿಸಿದರು. ನಿಂತಿತು. ಇನ್ನೊಮ್ಮೆ ಹಚ್ಚಿ ತಿರುಗಿಸಿದರು. ಜಾರಿತು. ಆಮೇಲೆ ಹಿಡಿಕೆ ಬಿಟ್ಟು ಕೇಳಿದರು: "ಹಂಗಾರ ಅಲ್ಲೆ ಬಾಗಲಾ ಮುಟ್ಟಿದವರಿಗೆ, ನಾ ಹಚ್ಚಿದ್ದಕ್ಕ..."

"ಇಲ್ರಿ. ಇನ್ನ ರೈಲ ಚಾಲೂ ಆಗಿಲ್ಲ. ಯಾರಿಗೂ ಏನೂ ಆಗಿಲ್ಲ."

"ಚಾಲೂ ಆದಮ್ಯಾಗ?"

ಮಾಲೀಕರು ನನ್ನ ಕಡೆ ಬೇಡಿಕೊಳ್ಳುವವರಂತೆ ನೋಡಿದರು. "ಆಗಬಹುದಿತ್ರಿ," ಎಂದೆ. ಅವ್ವಾರು ಎದ್ದು ಒಳಗೆ ಹೋದರು. ಚಹಾ ಬಂತು, ಅವರು ಬರಲಿಲ್ಲ.

ಮೂರನೆಯ ಲಾಟ್ ಹೊರಡುವ ದಿನ ಇನ್‌ಸ್ಪೆಕ್ಟರ್ ಬೆಳಿಗ್ಗೆಯೇ ಬಂದು ಕುರ್ಚಿ ಹಾಕಿಕೊಂಡು ಕೂತರು. ಕ್ರಮ ಬದಲಿಸಿದ್ದೆ. ಬ್ರಾಕೆಟ್‌ಗಳು ಪೆಟ್ಟಿಗೆ ಸೇರಿದ ಮೇಲೆ, ಮುಚ್ಚಳಕ್ಕೆ ಮೊಳೆ ಹೊಡೆಯುವ ಮುಂಚೆ, ಕಟ್ಟಕಡೆಯ ಕೆಲಸ ತಪಾಸಣೆ. ಕೈಗವಸಿಲ್ಲದೆ ಯಾರೂ ಮುಟ್ಟುವಂತಿಲ್ಲ. ಪ್ರತಿಯೊಂದಕ್ಕೂ ಉಸಿರು ಬಿಟ್ಟು ನೋಡಿ, ಮೆಗ್ಗರ್ ಹಚ್ಚಿದೆ. ಇನ್‌ಸ್ಪೆಕ್ಟರ್ ತಮ್ಮ ಮೀಟರಿನಿಂದ ಮತ್ತೆ ನೋಡಿದರು. ಕೊನೆಗೆ ಹಾಳೆಯನ್ನು ನನ್ನ ಕಡೆ ತಳ್ಳಿ, "ಸಹಿ ಹಾಕಿ," ಎಂದರು. ಹಾಕಿದೆ.

ಅಷ್ಟರಲ್ಲಿ ಗೇಟಿನ ಮುಂದೆ ಕಾರು ನಿಂತು ಅವ್ವಾರು ಇಳಿದರು. ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಕಾಯಿಯನ್ನು ಹೊರಗೆ ಲಾರಿಯ ಗಾಲಿಯ ಮುಂದೆ ಒಡೆದರು, ಅಲ್ಲಿಯೇ ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮುಚ್ಚಳ ಹಾಕದ ಪೆಟ್ಟಿಗೆಯ ಕಡೆ ನಡೆದು ಬಂದರು. ಶೆಡ್ಡಿನಲ್ಲಿ ಎಲ್ಲರ ಕೈ ನಿಂತಿತು. ಇನ್‌ಸ್ಪೆಕ್ಟರ್ ಕುರ್ಚಿಯಿಂದ ಅರ್ಧ ಎದ್ದರು. ಅವ್ವಾರು ನನ್ನೆದುರು ನಿಂತು ಎರಡೂ ಅಂಗೈ ಚಾಚಿದರು.

"ನೋಡು," ಎಂದರು.

ಬೇಡ ಅವ್ವಾರ ಎನ್ನಬೇಕಿತ್ತು. ನನಗೆ ನಾಚಿಕೆಯಾಯಿತು. ಆದರೂ ನಾನು ನೋಡಿದೆ. ಅಂಗೈ ನೋಡಿದೆ, ಬೆರಳ ಸಂದಿ ನೋಡಿದೆ, ಉಗುರಿನ ಬುಡ ನೋಡಿದೆ. ಎಲ್ಲಿಯೂ ಬೂದಿ ಇರಲಿಲ್ಲ. ಮಾಲೀಕರು ಗೋಡೆಯ ಕಡೆ ತಿರುಗಿ ನಿಂತಿದ್ದರು.

"ಸ್ವಚ್ಛ ಅದಾವಿಲ್ಲೋ?"

"ಅದಾವ್ರಿ."

"ಒಂದ ಸಲ ಮುಟ್ಲೇನು?"

ಕೈ ಸ್ವಚ್ಛವಿತ್ತು. ಆದರೆ ಬೆವರಲ್ಲೂ ಉಪ್ಪಿರುತ್ತದೆ. "ಬ್ಯಾಡ್ರಿ ಅವ್ವಾರ," ಎಂದೆ. "ಕೈ ಬೆವರಿರತೈತಿ."

ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನಿಂತು ಕೇಳಿದರು:

"ಇಲ್ಲಿಂದ ಕೈ ಮುಗದ್ರ ಅದಕ್ಕೇನೂ ಅಂಟೂದಿಲ್ಲಲ್ಲಪಾ?"

"ಇಲ್ರಿ ಅವ್ವಾರ. ಏನೂ ಅಂಟೂದಿಲ್ಲ."

ಅವರು ಕೈ ಮುಗಿದರು. ಮುಗಿಸುವವರೆಗೆ ಕಾದು, ನಾನು ಮುಚ್ಚಳ ಎತ್ತಿ ಇಟ್ಟು ಮೊಳೆ ಹೊಡೆದೆ.